ಮೂವತ್ತೆಂಟು ಅಂದರೆ ಜ್ವರವೇ?

ಬಿಸಿಲಿನ ಮಾತು ಬಂದರೆ ನಾವೆಲ್ಲ ಸೆಲ್ಸಿಯಸ್ ಮಂದಿ. 'ಕಲಬುರಗಿಯಲ್ಲಿ ಇವತ್ತು ನಲವತ್ತೆರಡು' ಎಂದರೆ ಸಾಕು, ಕೇಳಿದವರಿಗೆ ಇಲ್ಲಿಂದಲೇ ಬೆವರು. ಜ್ವರದ ಮಾತು ಬಂದರೆ ಮಾತ್ರ ಎಲ್ಲರೂ ಫ್ಯಾರನ್‌ಹೀಟ್. 'ಮಗುವಿಗೆ ನೂರಾ ಎರಡು' ಎಂದ ಕೂಡಲೇ ಮನೆಯವರೆಲ್ಲ ಎದ್ದು ಕೂರುತ್ತಾರೆ. ಈ ಎರಡು ಅಳತೆಗಳು ಒಂದೇ ಮನೆಯಲ್ಲಿ ಜಗಳವಿಲ್ಲದೆ ಇದ್ದವು. ಡಿಜಿಟಲ್ ಥರ್ಮಾಮೀಟರ್ ಬಂದ ಮೇಲೆ ಎರಡೂ ಒಂದೇ ಕಿಟಕಿಯಲ್ಲಿ ಇಣುಕತೊಡಗಿದವು. ತೊಂದರೆ ಶುರುವಾದದ್ದು ಅಲ್ಲಿಂದ.

ನಾನು ಹೈದರಾಬಾದಿನ ಖಾಸಗಿ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ನರ್ಸ್. ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಇಲ್ಲಿಗೆ ಬರುವವರು ಬಹಳ. ನಾನೂ ಅದೇ ಸೀಮೆಯವಳಾದ್ದರಿಂದ ಅವರ ಮಾತೆಲ್ಲ ಮೊದಲು ನನ್ನ ಹತ್ತಿರವೇ. ಒಮ್ಮೆ ಎರಡು ವರ್ಷದ ಮೊಮ್ಮಗನನ್ನು ಮಡಿಲಲ್ಲಿ ಹೊತ್ತು ಕೂತಿದ್ದ ಅಜ್ಜಿಯೊಬ್ಬರು, "ಮನಿಯಾಗ ರಾತ್ರಿ ಮೂರು ಸಲ ನೋಡೀವ್ರಿ ಸಿಸ್ಟರ್. ಮೂವತ್ತೆಂಟು, ಮೂವತ್ತೊಂಬತ್ತೇ ಬಂತು. ನೂರು ಎಲ್ಲಿ ದಾಟ್ಯಾದ?" ಎಂದರು. ನಮ್ಮ ಥರ್ಮಾಮೀಟರ್ ಇಟ್ಟರೆ 102 ತೋರಿಸಿತು. ಅವರ ಮನೆಯ ಯಂತ್ರ ಸುಳ್ಳು ಹೇಳಿರಲಿಲ್ಲ. ಸೆಲ್ಸಿಯಸ್‌ನಲ್ಲಿ ಹೇಳಿತ್ತು, ಅಷ್ಟೆ. ಅಜ್ಜಿಯನ್ನೂ ಅನ್ನುವಂತಿಲ್ಲ. ನೂರು ದಾಟಿದರೆ ಜ್ವರ ಎಂಬ ಲೆಕ್ಕದಲ್ಲೇ ಅವರು ಐದು ಮಕ್ಕಳನ್ನು ಬೆಳೆಸಿದ್ದರು.

ಸೆಲ್ಸಿಯಸ್‌ನಲ್ಲಿ ನೀರು 0ಗೆ ಹೆಪ್ಪುಗಟ್ಟಿ 100ಕ್ಕೆ ಕುದಿಯುತ್ತದೆ. ಫ್ಯಾರನ್‌ಹೀಟ್‌ನಲ್ಲಿ 32ಕ್ಕೆ ಹೆಪ್ಪುಗಟ್ಟಿ 212ಕ್ಕೆ ಕುದಿಯುತ್ತದೆ. ಅಲ್ಲಿ 100 ಮೆಟ್ಟಿಲು ಏರುವಷ್ಟರಲ್ಲಿ ಇಲ್ಲಿ 180. ಅಂದರೆ ಒಂದಕ್ಕೆ 1.8. ಶಾಲೆಯಲ್ಲಿ ಬಾಯಿಪಾಠ ಮಾಡಿದ 'ಐದನೇ ಒಂಬತ್ತು, ಕೂಡಿಸು 32' ಇದೇ. ನಾವು ಕರಾರುವಾಕ್ಕು ಎಂದು ನಂಬಿರುವ 98.6 ಕೂಡ ಈ ಲೆಕ್ಕದಿಂದಲೇ ಬಂದದ್ದು. 1868ರಲ್ಲಿ ಜರ್ಮನಿಯ ವೈದ್ಯ ವುಂಡರ್‌ಲಿಚ್ ಆರೋಗ್ಯವಂತರ ಮೈಬಿಸಿ ಸರಾಸರಿ 37 ಸೆಲ್ಸಿಯಸ್ ಎಂದ. ಆ 37 ಅನ್ನು ಬದಲಿಸಿದಾಗ ಸಿಕ್ಕಿದ್ದು 98.6. ಹಾಗಾಗಿ 98.2 ಅಥವಾ 99 ಬಂದರೆ ಗಾಬರಿಯಾಗಬೇಕಿಲ್ಲ.

ವಾರ್ಡಿನಲ್ಲಿ ಪೆನ್ನು ಹುಡುಕದೆ ನಾನು ಮಾಡುವ ಲೆಕ್ಕ ಹೀಗಿದೆ: ಸೆಲ್ಸಿಯಸ್ ಅಂಕಿಯನ್ನು ಎರಡರಷ್ಟು ಮಾಡಿ, ಅದರ ಹತ್ತನೇ ಒಂದು ಭಾಗ ಕಳೆದು, 32 ಕೂಡಿಸಿ. 39ರ ಎರಡರಷ್ಟು 78, 7.8 ಕಳೆದರೆ 70.2, 32 ಸೇರಿಸಿದರೆ 102.2. ಅಷ್ಟೂ ಬೇಡವೆಂದರೆ ಮೂರು ಜೋಡಿ ನೆನಪಿರಲಿ: 38 ಎಂದರೆ 100.4, 39 ಎಂದರೆ 102.2, 40 ಎಂದರೆ 104.

ಇಳಿತದ ಲೆಕ್ಕ ಬೇರೆ. 'ಜ್ವರ ಒಂದು ಡಿಗ್ರಿ ಇಳಿದಿದೆ' ಎಂಬ ಮಾತು ಸೆಲ್ಸಿಯಸ್‌ನದಾದರೆ ಫ್ಯಾರನ್‌ಹೀಟ್‌ನಲ್ಲಿ 1.8 ಇಳಿದಿದೆ ಎಂದರ್ಥ. ಇಲ್ಲಿ 32 ಸೇರಿಸುವ ಹಾಗಿಲ್ಲ. ಎರಡು ಅಂಕಿಗಳ ನಡುವಿನ ಅಂತರಕ್ಕೆ ಆ 32ರ ಸಂಬಂಧವಿಲ್ಲ.

ಊರಿಂದ ದೂರವಿರುವ ನಮಗೆ ಅಪ್ಪ, ಅಮ್ಮ, ಮಕ್ಕಳ ಜ್ವರ ತಲುಪುವುದು ಫೋನಿನಲ್ಲಿ ಬರಿಯ ಅಂಕಿಯಾಗಿ. 'ಎಷ್ಟಿದೆ?' ಎಂದು ಕೇಳಿದ ಮೇಲೆ 'ಅಂಕಿಯ ಪಕ್ಕದಲ್ಲಿ ಸಿ ಇದೆಯೋ, ಎಫ್ ಇದೆಯೋ?' ಎಂದೂ ಕೇಳಿ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಥರ್ಮಾಮೀಟರ್ ನೋಡಿ. ಕೆಲವು ಮಾದರಿಗಳಲ್ಲಿ ಗುಂಡಿ ಒತ್ತಿ ಹಿಡಿದರೆ ಅಳತೆ ಬದಲಾಗುತ್ತದೆ. ಮನೆಯವರಿಗೆ ರೂಢಿಯಿರುವುದಕ್ಕೆ ಇಟ್ಟುಕೊಡಿ. ಬದಲಾಗದಿದ್ದರೆ ಆ ಮೂರು ಜೋಡಿಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಮೂರು ತಿಂಗಳೊಳಗಿನ ಕೂಸಿರುವ ಮನೆಯಾದರೆ ಇನ್ನೊಂದು ಸಾಲು ಸೇರಿಸಿ: 38 ಆಗಲಿ, 100.4 ಆಗಲಿ, ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಡಾಕ್ಟರ ಹತ್ತಿರ ಹೋಗಬೇಕು.