ರೆಕಾರ್ಡ್ (ಜಾವಾ)

ರೆಕಾರ್ಡ್ ಎಂಬುದು ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬದಲಾಗದ ಮೌಲ್ಯಗಳನ್ನು ಹಿಡಿದಿಡಲು ಬಳಸುವ ವಿಶೇಷ ಬಗೆಯ ಕ್ಲಾಸ್. ಘಟಕಗಳನ್ನು ಘೋಷಿಸಿದರೆ ಕನ್‌ಸ್ಟ್ರಕ್ಟರ್, ಪ್ರತಿ ಘಟಕವನ್ನು ಓದುವ ಆಕ್ಸೆಸರ್, ಹಾಗೂ ಇಕ್ವಲ್ಸ್, ಹ್ಯಾಶ್‌ಕೋಡ್, ಟುಸ್ಟ್ರಿಂಗ್ ಮೆಥಡ್‌ಗಳನ್ನು ಕಂಪೈಲರ್ ತಾನೇ ಒದಗಿಸುತ್ತದೆ. ಇವುಗಳಲ್ಲಿ ಯಾವುದನ್ನಾದರೂ ಪ್ರೋಗ್ರಾಮರ್ ಸ್ವತಃ ಬರೆದರೆ, ಉಳಿದವು ಮಾತ್ರ ತಾನಾಗಿ ಸಿದ್ಧವಾಗುತ್ತವೆ.

ಹಿನ್ನೆಲೆ

ರೆಕಾರ್ಡ್ 2020ರ ಮಾರ್ಚ್‌ನಲ್ಲಿ ಜಾವಾ 14ರಲ್ಲಿ ಪ್ರಾಯೋಗಿಕವಾಗಿ ಬಂದು, 2021ರ ಮಾರ್ಚ್‌ನಲ್ಲಿ ಜಾವಾ 16ರಲ್ಲಿ ಭಾಷೆಯ ಸ್ಥಿರ ಭಾಗವಾಯಿತು. ಅದಕ್ಕೂ ಮೊದಲು ಇದೇ ಉದ್ದೇಶಕ್ಕೆ ಗೂಗಲ್‌ನ ಆಟೋವ್ಯಾಲ್ಯೂ, ಇಮ್ಯೂಟಬಲ್ಸ್, ಲೋಂಬಾಕ್ ಮುಂತಾದ ಸಾಧನಗಳು ಬಳಕೆಯಲ್ಲಿದ್ದವು.

ಕನ್‌ಸ್ಟ್ರಕ್ಟರ್‌ನಲ್ಲಿ ಬದಲಾವಣೆ

ಊರು ಮತ್ತು ಜಿಲ್ಲೆ ಎಂಬ ಎರಡು ಘಟಕಗಳ ರೆಕಾರ್ಡ್ ಒಂದರಲ್ಲಿ ‘ಬಸವಕಲ್ಯಾಣ, ಬೀದರ್’ ಎಂದು ದಾಖಲಿಸಲಾಗಿದೆ ಎನ್ನೋಣ. ಯೂನಿಕೋಡ್‌ನಲ್ಲಿ ‘ಬೀ’ ಅಕ್ಷರದ ದೀರ್ಘ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಹ್ರಸ್ವ ಚಿಹ್ನೆ ಮತ್ತು ದೀರ್ಘದ ಗುರುತು ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ತಾನಾಗಿ ಸಿಗುವ ಇಕ್ವಲ್ಸ್ ಅವುಗಳನ್ನು ಬೇರೆ ಬೇರೆ ಎಂದು ಪರಿಗಣಿಸುವುದರಿಂದ, ಒಂದೇ ಊರು ಪಟ್ಟಿಯಲ್ಲಿ ಎರಡು ಬಾರಿ ಸೇರುತ್ತದೆ.

ಜಾವಾದ ನಾರ್ಮಲೈಸರ್ ಬಳಸಿ ಹೆಸರನ್ನು ಕನ್‌ಸ್ಟ್ರಕ್ಟರ್‌ನಲ್ಲಿಯೇ ಏಕರೂಪಕ್ಕೆ ತರುವುದು ಇದಕ್ಕೆ ಸೂಕ್ತ ಪರಿಹಾರ. ಆಕ್ಸೆಸರ್‌ನಲ್ಲಿ ಮಾತ್ರ ತಿದ್ದಿದರೆ ರೆಕಾರ್ಡಿನ ಮೂಲ ನಿಯಮ ಮುರಿಯುತ್ತದೆ. ಆಕ್ಸೆಸರ್‌ಗಳಿಂದ ಓದಿದ ಮೌಲ್ಯಗಳಿಂದಲೇ ರಚಿಸಿದ ಹೊಸ ರೆಕಾರ್ಡ್ ಹಳೆಯದಕ್ಕೆ ಸಮವಾಗಿರಬೇಕು ಎಂಬುದೇ ಆ ನಿಯಮ.

ಇಕ್ವಲ್ಸ್ ಮತ್ತು ಹ್ಯಾಶ್‌ಕೋಡ್

‘ಹುಮನಾಬಾದ್’ ಮತ್ತು ‘ಹುಮ್ನಾಬಾದ್’ ಒಂದೇ ಊರಿನ ಹೆಸರಾದರೂ ಕಾಗುಣಿತ ಬೇರೆ. ನಾರ್ಮಲೈಸರ್ ಇವನ್ನು ಒಂದುಗೂಡಿಸುವುದಿಲ್ಲ. ಇಂತಹ ಸಂದರ್ಭದಲ್ಲಿ ಊರಿಗೊಂದು ಗುರುತು ಸಂಖ್ಯೆಯನ್ನು ಘಟಕವಾಗಿ ಸೇರಿಸಿ, ಆ ಸಂಖ್ಯೆಯನ್ನಷ್ಟೇ ಹೋಲಿಸುವ ಇಕ್ವಲ್ಸ್ ಬರೆಯಬಹುದು. ಆಗ ಹ್ಯಾಶ್‌ಕೋಡ್ ಕೂಡ ಅದೇ ಸಂಖ್ಯೆಯನ್ನು ಆಧರಿಸಿರಬೇಕು. ಇಲ್ಲವಾದಲ್ಲಿ ಸಮವೆನಿಸಿದ ಎರಡು ರೆಕಾರ್ಡ್‌ಗಳೂ ಹ್ಯಾಶ್‌ಸೆಟ್‌ನಲ್ಲಿ ಪ್ರತ್ಯೇಕವಾಗಿ ಉಳಿದುಬಿಡಬಹುದು.

ಟುಸ್ಟ್ರಿಂಗ್

ತಾನಾಗಿ ಸಿಗುವ ಟುಸ್ಟ್ರಿಂಗ್ ಎಲ್ಲ ಘಟಕಗಳನ್ನೂ ತೋರಿಸುತ್ತದೆ. ದೂರವಾಣಿ ಸಂಖ್ಯೆಯಂತಹ ಖಾಸಗಿ ವಿವರ ಲಾಗ್ ಕಡತಗಳಲ್ಲಿ ಬಯಲಾಗದಂತೆ ಇದನ್ನು ಬದಲಿಸುವುದುಂಟು.

ಮಿತಿಗಳು

ರೆಕಾರ್ಡಿನ ಘಟಕಗಳಿಗೆ ಮತ್ತೆ ಬೇರೆ ಮೌಲ್ಯ ನೀಡಲಾಗದು. ಆದರೆ ಘಟಕವೇ ಒಂದು ಅರೇ ಅಥವಾ ಬದಲಾಗಬಲ್ಲ ಪಟ್ಟಿಯಾಗಿದ್ದರೆ ಅದರ ಒಳಗಿನ ಅಂಶಗಳು ಬದಲಾಗಬಹುದು. ಆದ್ದರಿಂದ ಪಟ್ಟಿಗಳ ಬದಲಾಗದ ಪ್ರತಿಯನ್ನು ಕನ್‌ಸ್ಟ್ರಕ್ಟರ್‌ನಲ್ಲಿಯೇ ಮಾಡಿಕೊಳ್ಳುವುದು ರೂಢಿ.