ಗಾಲಿಗೂ ಒಂದು ಹದ

ಮಿರಗದ ಮಳೆ ಒಂದಿಷ್ಟು ಹನಿಸಿ ಹೋಗಿತ್ತು. ಧಾರವಾಡದಿಂದ ಸವದತ್ತಿ ಹಾದಿ ಹಿಡಿದು ಹೊರಟವನು ಅಮ್ಮಿನಬಾವಿ ಹತ್ತಿರ ಡಾಂಬರು ಬಿಟ್ಟು ಹೊಲದ ದಾರಿಗೆ ಬೈಕ್ ಇಳಿಸಿದೆ. ನೂರು ಮಾರು ಹೋಗಿದ್ದೆನೋ ಇಲ್ಲವೋ, ಎರಿಮಣ್ಣು ಟೈರಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ಗಿಡಿದು, ಮುಂದಿನ ಗಾಲಿ ತಿರುಗುವುದನ್ನೇ ನಿಲ್ಲಿಸಿತು. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕುಡಗೋಲು ಹಿಡಿದು ಎದ್ದು ಬಂದರು. "ತಮ್ಮಾ, ದಪ್ಪ ಮಳಿ ಆಗಿದ್ರ ನೀ ಇಳೀತಿದ್ದಿಲ್ಲ. ಮಳೀನ ಆಗದಿದ್ರ ಸಿಕ್ಕೊತಿದ್ದಿಲ್ಲ. ಈ ನಡುವಿನ ಹನಿ ಐತಲ್ಲ, ಇದ ಮೋಸ ಮಾಡೂದು" ಎನ್ನುತ್ತ ಮಣ್ಣು ಕೆರೆಯತೊಡಗಿದರು.

ಆ ಮಾತು ಕೇಳಿ ನನಗೆ ನೆನಪಾದದ್ದು ಹೊಲವಲ್ಲ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ. 1990ರಲ್ಲಿ ಶುರುವಾದ ಅಲ್ಲಿನ ರೇಸ್ ಟ್ರ್ಯಾಕಿನಲ್ಲಿ ನಾನೂ ಹವ್ಯಾಸಕ್ಕೆಂದು ಬೈಕ್ ಓಡಿಸಿದ್ದುಂಟು. ಜೋರು ಮಳೆಯಲ್ಲಿ ಬೀಳದವನು, ಮಳೆ ನಿಂತು ಟ್ರ್ಯಾಕ್ ಅರ್ಧ ಒಣಗಿದ ಮೇಲೆ ಬಿದ್ದಿದ್ದೆ. ತಪ್ಪು ಪೂರಾ ನನ್ನದೇ. ಏಕೆ ಬಿದ್ದೆ ಎಂದು ಹುಡುಕುತ್ತ ಹೋದರೆ, ಡಾಂಬರಿನ ಮೇಲಿನ ನೀರು, ಎರಿಮಣ್ಣಿನೊಳಗಿನ ನೀರು ಎರಡೂ ಒಂದೇ ಕಥೆ ಹೇಳುತ್ತವೆ.

ಅಂಗೈಯಷ್ಟು ಜಾಗ

ಬೈಕಿನ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚೆಂದರೆ ಒಂದು ಅಂಗೈಯಷ್ಟು ಜಾಗದಲ್ಲಿ. ಹೋಗುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಅಷ್ಟರಲ್ಲೇ ಆಗಬೇಕು. ಅಲ್ಲಿ ರಬ್ಬರು ಎರಡು ಬಗೆಯಲ್ಲಿ ನೆಲವನ್ನು ಹಿಡಿಯುತ್ತದೆ. ಒಂದು, ಅಂಟುವಿಕೆ: ರಬ್ಬರಿನ ಅಣುಗಳು ಕಲ್ಲಿನ ಮೇಲ್ಮೈಗೆ ಅಂಟಿ, ಹಿಗ್ಗಿ, ಬಿಡುತ್ತವೆ. ಇನ್ನೊಂದು, ಕಚ್ಚುವಿಕೆ: ಮೆತ್ತನೆಯ ರಬ್ಬರು ಜಲ್ಲಿಯ ಉಬ್ಬುತಗ್ಗುಗಳಲ್ಲಿ ಇಳಿದು, ನುಜ್ಜಾಗಿ, ಮೊದಲಿನ ಆಕಾರಕ್ಕೆ ಮರಳುವಾಗ ಒಂದಿಷ್ಟು ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ, ಆ ನಷ್ಟವೇ ಜಾರುವುದನ್ನು ತಡೆಯುತ್ತದೆ.

ಮಳೆ ಬಂದಾಗ ಮೊದಲು ಸೋಲುವುದು ಅಂಟುವಿಕೆ. ರಬ್ಬರಿಗೂ ಕಲ್ಲಿಗೂ ನಡುವೆ ಕೂದಲೆಳೆಗಿಂತ ತೆಳುವಾದ ನೀರಿನ ಪೊರೆ ಬಂದರೂ ಸಾಕು, ಅಣುಗಳ ಭೇಟಿ ತಪ್ಪುತ್ತದೆ. ಕಚ್ಚುವಿಕೆ ಮಾತ್ರ ಬಹುಪಾಲು ಉಳಿಯುತ್ತದೆ. ಮಳೆಗಾಲದ ರೇಸ್ ಟೈರುಗಳ ರಬ್ಬರು ಅಷ್ಟು ಮೆತ್ತಗಿರುವುದು ಇದಕ್ಕೇ. ಅವುಗಳ ಆಳವಾದ ಕಾಲುವೆಗಳು ನೀರನ್ನು ಬದಿಗೆ ತಳ್ಳುತ್ತವೆ. ಉಳಿದ ತೆಳು ಪೊರೆಯನ್ನು ಜಲ್ಲಿಕಲ್ಲಿನ ಮೇಲಿರುವ ಮರಳುಕಾಗದದಂಥ ಸಣ್ಣ ಮೊನೆಗಳು ತೂತು ಮಾಡುತ್ತವೆ. ಬಣ್ಣ ಬಳಿದ ಪಟ್ಟಿ, ಚರಂಡಿಯ ಕಬ್ಬಿಣದ ಮುಚ್ಚಳ, ಸವೆದು ನುಣುಪಾದ ಡಾಂಬರು ಮಳೆಯಲ್ಲಿ ಅಷ್ಟೊಂದು ಜಾರುವುದು ಅಲ್ಲಿ ಈ ಮೊನೆಗಳಿಲ್ಲದ್ದರಿಂದ.

ಲೆಕ್ಕ ಸುಲಭವಾಗಲೆಂದು ಒಣ ರಸ್ತೆಯ ಘರ್ಷಣಾಂಕ 1, ಒದ್ದೆಯದು 0.5 ಎಂದಿಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಬೈಕು ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದ ಮೇಲೆ ಸುಮಾರು 25 ಮೀಟರಿನಲ್ಲಿ ನಿಂತರೆ, ಒದ್ದೆಯಲ್ಲಿ 50 ಮೀಟರ್ ಬೇಕು. ತಿರುವಿನ ಲೆಕ್ಕ ಬೇರೆ. 50 ಮೀಟರ್ ತ್ರಿಜ್ಯದ ತಿರುವನ್ನು ಒಣಗಿದ್ದಾಗ 80 ಕಿ.ಮೀ. ವೇಗದಲ್ಲಿ, 45 ಡಿಗ್ರಿ ವಾಲಿ ದಾಟಬಹುದು. ಒದ್ದೆಯಾದರೆ ವಾಲುವ ಮಿತಿ ಸುಮಾರು 27 ಡಿಗ್ರಿ, ವೇಗದ ಮಿತಿ 56 ಕಿ.ಮೀ. ಹಿಡಿತ ಅರ್ಧಕ್ಕಿಳಿದರೂ ವೇಗ ಮೂವತ್ತು ಪ್ರತಿಶತದಷ್ಟು ಮಾತ್ರ ಇಳಿಯುತ್ತದೆ, ಏಕೆಂದರೆ ತಿರುವಿಗೆ ಬೇಕಾದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಮಳೆಯಲ್ಲಿ ರೇಸ್ ನಡೆಸಲು ಸಾಧ್ಯವಾಗುವುದೇ ಈ ವರ್ಗಮೂಲದ ಕೃಪೆಯಿಂದ.

ಸಂತೆಗೆ ಒಯ್ದ ನೂರು ರೂಪಾಯಿ

ಹೊಸಬರು ಮಳೆಯಲ್ಲಿ ಬೀಳುವುದು ಹೆಚ್ಚಾಗಿ ಎರಡು ಕೆಲಸ ಒಟ್ಟಿಗೆ ಮಾಡಲು ಹೋಗಿ. ಟೈರಿನ ಹಿಡಿತವೆಂದರೆ ಸಂತೆಗೆ ಒಯ್ದ ನೂರು ರೂಪಾಯಿ ಇದ್ದಂತೆ. ತಿರುವಿಗೆ ಖರ್ಚಾದದ್ದು ಬ್ರೇಕಿಗೆ ಸಿಗದು. ಆದರೆ ಇಲ್ಲಿ ಕಳೆಯುವ ಲೆಕ್ಕ ನಡೆಯುವುದಿಲ್ಲ. ಎರಡೂ ಬಲಗಳು ಒಂದಕ್ಕೊಂದು ಲಂಬವಾಗಿರುವುದರಿಂದ ಪೈಥಾಗೊರಸನ ಲೆಕ್ಕ ಬೇಕು: ತಿರುವಿಗೆ 80 ಕೊಟ್ಟರೂ ಬ್ರೇಕಿಗೆ 60 ಉಳಿಯುತ್ತದೆ. ತಿರುವಿಗೆ 98 ಕೊಟ್ಟರೆ ಮಾತ್ರ ಉಳಿಯುವುದು 20. ಅಂಚಿಗೆ ಹೋದಷ್ಟೂ ಉಳಿಕೆ ಸರ್ರನೆ ಕರಗುತ್ತದೆ. ಮಳೆಯಲ್ಲಿ ನೂರು ರೂಪಾಯಿಯೇ ಐವತ್ತಾಗಿರುತ್ತದೆ. ಆದರೆ ಕೈಯ ರೂಢಿ ಇನ್ನೂ ನೂರರದ್ದೇ.

ಅದಕ್ಕೇ ಅನುಭವಿಗಳು ಬ್ರೇಕಿನ ಕೆಲಸವನ್ನು ತಿರುವಿಗೆ ಮೊದಲೇ, ಬೈಕು ನೆಟ್ಟಗಿರುವಾಗಲೇ ಮುಗಿಸುತ್ತಾರೆ. ತಿರುವಿನಲ್ಲಿ ಮೈಯನ್ನು ಒಳಬದಿಗೆ ಚಾಚುತ್ತಾರೆ. ಸವಾರನ ತೂಕ ಒಳಗೆ ಸರಿದರೆ ಅದೇ ವೇಗಕ್ಕೆ ಬೈಕು ಕಡಿಮೆ ವಾಲಿದರೂ ಸಾಕು. ಬ್ರೇಕಿನ ಹಂಚಿಕೆಯೂ ಬದಲಾಗುತ್ತದೆ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಗಾಲಿಗೆ ಬಂದು ಹಿಂದಿನದು ಹೆಚ್ಚುಕಡಿಮೆ ತೇಲುತ್ತದೆ. ಒದ್ದೆಯಲ್ಲಿ ಅಷ್ಟು ಜೋರಾಗಿ ಹಿಡಿಯಲಾಗದ್ದರಿಂದ ಹಿಂದೆ ಭಾರ ಉಳಿದಿರುತ್ತದೆ, ಹಿಂದಿನ ಬ್ರೇಕಿಗೂ ಕೆಲಸ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ ಸಾವಕಾಶದ್ದು. ಬ್ರೇಕನ್ನು ಒಮ್ಮೆಲೇ ಜಗ್ಗಿದರೆ, ಭಾರ ಮುಂದಕ್ಕೆ ಸರಿದು ಟೈರನ್ನು ನೆಲಕ್ಕೆ ಒತ್ತುವ ಮೊದಲೇ ಗಾಲಿ ನಿಂತು ಜಾರಿಬಿಡುತ್ತದೆ. ಹಗುರವಾಗಿ ಶುರುಮಾಡಿ ಒತ್ತುತ್ತ ಹೋದರೆ ಹಿಡಿತವೂ ಜೊತೆಜೊತೆಗೇ ಬೆಳೆಯುತ್ತದೆ. ನಮ್ಮಲ್ಲಿ 125 ಸಿಸಿ ಮೀರಿದ ಹೊಸ ಮಾದರಿಯ ಬೈಕುಗಳಿಗೆ 2018ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಗಾಲಿ ಲಾಕ್ ಆಗುವುದನ್ನು ಅದು ತಡೆಯುತ್ತದೆ, ನಿಜ. ಆದರೆ ಇದ್ದ ಹಿಡಿತವನ್ನು ಬಳಸುವುದಷ್ಟೇ ಅದರ ಕೆಲಸ, ಇಲ್ಲದ್ದನ್ನು ತಂದುಕೊಡುವುದಲ್ಲ.

ಹಾಗಾದರೆ ಗಾಲಿ ನೀರಿನ ಮೇಲೆ ತೇಲಿಬಿಡುವುದಿಲ್ಲವೆ? ವಿಮಾನದ ಟೈರುಗಳ ಮೇಲೆ ಅಮೆರಿಕದ ನಾಸಾ 1960ರ ದಶಕದಲ್ಲಿ ಮಾಡಿದ ಪ್ರಯೋಗಗಳಿಂದ ಬಂದ ಸೂತ್ರದ ಪ್ರಕಾರ, 30 ಪಿಎಸ್ಐ ಗಾಳಿ ತುಂಬಿದ ಟೈರು ನಿಂತ ನೀರಿನ ಮೇಲೆ ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ತೇಲಬಹುದು. ಬೈಕಿನ ಟೈರು ದುಂಡಗಿರುವುದರಿಂದ ದೋಣಿಯ ಮೂತಿಯಂತೆ ನೀರನ್ನು ಸೀಳುತ್ತದೆ, ತೇಲಲು ಇನ್ನೂ ಹೆಚ್ಚು ವೇಗ ಬೇಕು. ಹಾಗಾಗಿ ನಮ್ಮ ಹೆದ್ದಾರಿಯ ಸವಾರನಿಗೆ ಆಳದ ನೀರಿಗಿಂತ ತೆಳು ನೀರೇ ಹೆಚ್ಚಿನ ವೈರಿ.

ನಡುವಿನ ಹನಿ

ತಿಂಗಳುಗಟ್ಟಲೆ ಒಣಗಿದ ರಸ್ತೆಯ ಮೇಲೆ ಆಯಿಲ್, ಟೈರಿನ ಪುಡಿ, ದೂಳು ಕೂತಿರುತ್ತವೆ. ಮೊದಲ ಹನಿಗಳು ಇವನ್ನು ತೊಳೆಯುವುದಿಲ್ಲ, ಕಲಸುತ್ತವೆ. ಬರಿ ನೀರಿಗಿಂತ ಮಂದವಾದ ಈ ಲೇಪ ಟೈರಿನಡಿಯಿಂದ ಬೇಗ ಜರುಗದೆ, ಬೇರಿಂಗಿನ ಗ್ರೀಸಿನಂತೆ ನಿಂತುಬಿಡುತ್ತದೆ. ಅರ್ಧ ಗಂಟೆ ಜೋರಾಗಿ ಸುರಿದರೆ ರಸ್ತೆ ತೊಳೆದು, ಹಿಡಿತ ಎಷ್ಟೋ ಮರಳುತ್ತದೆ. ರೇಸ್ ಟ್ರ್ಯಾಕಿನಲ್ಲಿ ಇನ್ನೊಂದು ತೊಡಕು. ಎಲ್ಲರೂ ಓಡಿಸುವ ಸಾಲಿನಲ್ಲಿ ರಬ್ಬರು ಮೆತ್ತಿ ಕಲ್ಲಿನ ಮೊನೆಗಳು ಮುಚ್ಚಿರುತ್ತವೆ. ಒಣಗಿದ್ದಾಗ ಬಂಗಾರದಂಥ ಆ ಸಾಲು ಒದ್ದೆಯಾದರೆ ಗಾಜು. ಮಳೆ ಬಲ್ಲವರು ಅದನ್ನು ಬಿಟ್ಟು ಹೊರಬದಿಯ ಒರಟು ಡಾಂಬರನ್ನು ಹುಡುಕುತ್ತಾರೆ. ಮಳೆ ನಿಂತ ಮೇಲೆ ಒಣಗಿದ ಒಂದು ಪಟ್ಟೆ ಮೂಡುತ್ತದೆ. ಅದರ ಮೇಲೆ ಮಳೆ ಟೈರಿನ ಮೆತ್ತನೆಯ ರಬ್ಬರು ಅತಿಯಾಗಿ ಕಾಯ್ದು ಕಿತ್ತುಹೋಗತೊಡಗುತ್ತದೆ, ಅದಕ್ಕೆ ಸವಾರರು ಬೇಕೆಂದೇ ನೀರು ನಿಂತಲ್ಲಿ ಓಡಿಸಿ ಟೈರನ್ನು ತಂಪು ಮಾಡುತ್ತಾರೆ. ಪಟ್ಟೆಯ ಅಗಲ ಒಂದು ಮಾರೂ ಇರುವುದಿಲ್ಲ. ನಾನು ಬಿದ್ದದ್ದು ಅದರಿಂದ ಒಂದು ಗೇಣು ಆಚೆ.

ಮಳೆಯ ಇನ್ನೊಂದು ಆಟವನ್ನು ಕರ್ನಾಟಕದ ಸವಾರರೊಬ್ಬರು ಜಗತ್ತಿನ ಅತಿ ವಿಚಿತ್ರ ನೆಲದಲ್ಲಿ ದಾಟಿದ್ದಾರೆ. 2015ರ ಡಕಾರ್ ರ್‍ಯಾಲಿಯನ್ನು ಬೆಂಗಳೂರಿನ ಸಿ. ಎಸ್. ಸಂತೋಷ್ 36ನೇ ಸ್ಥಾನದಲ್ಲಿ ಮುಗಿಸಿದರು. ಅದನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯ ಅವರು. ಆ ವರ್ಷದ ಹಾದಿ ಬೊಲಿವಿಯಾದ ಊಯುನಿ ಉಪ್ಪಿನ ಬಯಲಿನ ಮೇಲೆ ಹಾಯ್ದಿತ್ತು: ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರ, ಸುಮಾರು ಹತ್ತು ಸಾವಿರ ಚದರ ಕಿ.ಮೀ. ಉಪ್ಪು. ಮಳೆ ಬಂದು ಅದರ ಮೇಲೆ ನೀರು ನಿಂತಿತ್ತು. ಅಲ್ಲಿ ಕಾಡಿದ್ದು ಜಾರಿಕೆಗಿಂತ ರಸಾಯನ ವಿಜ್ಞಾನ. ಕರಗಿದ ಉಪ್ಪಿನ ಅಯಾನುಗಳಿರುವ ನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ, ಆರಿದಲ್ಲೆಲ್ಲ ಹರಳುಗಟ್ಟುತ್ತದೆ. ವೈರಿಂಗಿನೊಳಗೆ ಇಳಿದ ಉಪ್ಪುನೀರು ಹಲವು ಬೈಕುಗಳನ್ನು ಕೆಡಿಸಿತು. ರೇಸಿನಲ್ಲಿ ಮುಂದಿದ್ದ ಹೊಂಡಾ ತಂಡದ ಜೋಆನ್ ಬರೇಡಾ ಅವರ ಬೈಕು ನಡುವೆಯೇ ನಿಂತು, ಅದನ್ನು ಹಗ್ಗ ಕಟ್ಟಿ ಎಳೆದೊಯ್ಯಬೇಕಾಯಿತು.

ಎಂಟು ಗುಂಟೆಯ ಚಿಟಿಕೆ

ಅಮ್ಮಿನಬಾವಿಯ ಎರಿ ಹೊಲದಲ್ಲಿ ಉಪ್ಪಿಲ್ಲ, ಆದರೆ ಅದಕ್ಕಿಂತ ಹಟಮಾರಿ ಖನಿಜ ಒಂದಿದೆ. ಎರಿಮಣ್ಣಿನ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯದೇ ಮೇಲುಗೈ. ಇದರ ಕಣವೆಂದರೆ ಚಪಾತಿಯ ಅಡಕಲು. ಒಂದೊಂದು ಪದರದ ದಪ್ಪ ಒಂದು ಮೀಟರಿನ ನೂರು ಕೋಟಿಯ ಒಂದು ಭಾಗ. ಶುದ್ಧ ಖನಿಜದ ಒಂದು ಗ್ರಾಂ ತೆಗೆದುಕೊಂಡು ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಅವುಗಳ ಮೇಲ್ಮೈ ಸುಮಾರು 800 ಚದರ ಮೀಟರ್. ಚಿಟಿಕೆ ಖನಿಜದೊಳಗೆ ಎಂಟು ಗುಂಟೆ! ಪದರಗಳ ಮೇಲೆ ಋಣ ವಿದ್ಯುದಂಶವಿದೆ. ಅದು ನಡುವಿನ ಧನ ಅಯಾನುಗಳನ್ನೂ ಅವುಗಳ ಸುತ್ತ ನೀರನ್ನೂ ಹಿಡಿದಿಡುತ್ತದೆ. ಅದಕ್ಕೇ ಎರಿ ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರಿಯುತ್ತದೆ. ಕೆಂಪು ಮಸಾರಿ ಮಣ್ಣಿಗೆ ಈ ಗುಣ ಕಡಿಮೆ.

ಹುಬ್ಬಳ್ಳಿ-ಧಾರವಾಡಕ್ಕೆ ಹೋಗುವ ಮಲಪ್ರಭೆಯ ನೀರು ಸೋಸಿ ಶುದ್ಧವಾಗುವುದು ಇದೇ ಅಮ್ಮಿನಬಾವಿಯಲ್ಲಿ. ಮಳೆಗಾಲದ ಹೊಳೆನೀರಿನಲ್ಲಿ ಜೇಡಿ ತಳಕ್ಕಿಳಿಯದೆ ತೇಲುತ್ತಿರುವುದಕ್ಕೂ ಆ ಋಣ ವಿದ್ಯುದಂಶವೇ ಕಾರಣ: ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಮನೆಯ ಕೊಡದಲ್ಲಿ ಪಟಿಕ ಆಡಿಸಿದಾಗ ಅದರ ಅಲ್ಯೂಮಿನಿಯಂ ಆ ವಿದ್ಯುದಂಶವನ್ನು ತಣಿಸಿ ಕಣಗಳನ್ನು ಗುಂಪುಗೂಡಿಸುತ್ತದೆ. ನಲ್ಲಿಯಲ್ಲಿ ತಿಳಿನೀರಿಗೆ ಅಡ್ಡಿಯಾಗುವ ಕಣ, ಹೊಲದ ದಾರಿಯಲ್ಲಿ ಗಾಲಿಗೆ ಅಡ್ಡಿ.

ಒಣಗಿದ ಎರಿ ಇಟ್ಟಿಗೆಯಂತೆ ಗಟ್ಟಿ. ನೀರು ವಿಪರೀತವಾದರೆ ಅಂಬಲಿಯಂತೆ ಹರಿಯುವ ರಾಡಿ. ಇವೆರಡರ ನಡುವೆ ಕಣಕದಂತಾಗುವ ಒಂದು ಹಂತವಿದೆ. ಆಗ ಅದು ತನಗೆ ತಾನೂ ಅಂಟುತ್ತದೆ, ಮುಟ್ಟಿದ್ದಕ್ಕೂ ಅಂಟುತ್ತದೆ. ಸ್ವೀಡನ್ನಿನ ವಿಜ್ಞಾನಿ ಆಲ್ಬರ್ಟ್ ಅಟರ್‌ಬರ್ಗ್ 1911ರ ಹೊತ್ತಿಗೆ ಈ ಹಂತಗಳ ಗಡಿಗಳನ್ನು ತೇವಾಂಶದ ಅಂಕಿಗಳಲ್ಲಿ ಗುರುತಿಸುವ ಬಗೆ ಹೇಳಿಕೊಟ್ಟ. ರಸ್ತೆ, ಅಡಿಪಾಯ ಹಾಕುವ ಎಂಜಿನಿಯರುಗಳು ಇಂದಿಗೂ ಆ ಗಡಿಗಳನ್ನೇ ಅಳೆಯುತ್ತಾರೆ. ಎರಿಮಣ್ಣಿನಲ್ಲಿ ಕಣಕದ ಹಂತ ಬಲು ಅಗಲ. ಕೆಸರಿನ ರೇಸಿಗೆ ಇಳಿಯುವವರು ಗುಬಟುಗಳ ನಡುವೆ ದೊಡ್ಡ ಸಂದು ಬಿಟ್ಟ ಟೈರು, ಗಾಲಿಯಿಂದ ಬಹಳ ಎತ್ತರದಲ್ಲಿ ಕೂರಿಸಿದ ಮಡ್‌ಗಾರ್ಡು ಬಳಸುವುದು ಇದನ್ನು ಗೆಲ್ಲಲು. ಗಾಲಿ ಜೋರಾಗಿ ತಿರುಗಿದಾಗ ಮಣ್ಣು ಸಿಡಿದುಹೋಗಬೇಕು. ರಸ್ತೆಯ ಬೈಕಿನ ಬಿಗಿ ಮಡ್‌ಗಾರ್ಡಿನಲ್ಲಿ ಅದಕ್ಕೆ ಹೋಗಲು ದಾರಿಯೇ ಇಲ್ಲ.

ಹೊಲದಿಂದ ರಸ್ತೆಗೇರುವ ಟ್ರ್ಯಾಕ್ಟರಿನ ಗಾಲಿಗಳು ಈ ಕಣಕವನ್ನು ಡಾಂಬರಿನ ಮೇಲೆ ತಂದು ಸುರಿಯುತ್ತವೆ. ಹಿಂದೆಯೇ ಜಿಟಿಜಿಟಿ ಮಳೆ ಬಂದರೆ ಎರಡು ಕಥೆಗಳೂ ಒಂದೇ ಜಾಗದಲ್ಲಿ ಕೂಡುತ್ತವೆ. ಧಾರವಾಡ ಸೀಮೆಯ ಸವಾರನಿಗೆ ರೇಸ್ ಟ್ರ್ಯಾಕಿಗಿಂತ ಕಠಿಣ ಪರೀಕ್ಷೆ ಅಲ್ಲಿ, ಹೊಲದ ದಾರಿ ಕೂಡುವ ಆ ಇಪ್ಪತ್ತು ಅಡಿಯಲ್ಲಿ.

ಹಿರಿಯರು ಗಾಲಿಯಿಂದ ಕೆರೆದ ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಉಂಡಿ ಮಾಡಿದರು. ಎದೆಯೆತ್ತರದಿಂದ ನೆಲಕ್ಕೆ ಬಿಟ್ಟರು. ಅದು ಒಡೆಯದೆ ಚಪ್ಪಟೆಯಾಗಿ ಕೂತಿತು. "ಒಡೀಬೇಕು ನೋಡು. ಒಡದ್ರ ಹದ. ಹೆಸರು ಬಿತ್ತಾಕ ಇನ್ನೂ ಎರಡ ದಿನ ಬಿಸಲ ಬೇಕು" ಎಂದರು. ನಾನು ಬೈಕನ್ನು ತಳ್ಳಿಕೊಂಡು ಡಾಂಬರಿಗೆ ತಂದೆ. ಗಾಡಿ ಹತ್ತಿ, ನೆಟ್ಟಗಿನ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ಹಿಂದಿನ ಬ್ರೇಕನ್ನು ಒಮ್ಮೆ ಹಗುರವಾಗಿ ಒತ್ತಿದೆ. ಮಳೆಯ ದಿನ ಟ್ರ್ಯಾಕಿಗಿಳಿದ ಸವಾರ ಮೊದಲ ಸುತ್ತಿನಲ್ಲಿ ಮಾಡುವುದೂ ಇದನ್ನೇ. ಗಾಲಿ ಒಂದಿಷ್ಟು ಜಾರಿ ಮತ್ತೆ ಹಿಡಿಯಿತು. ಉಂಡಿ ಇನ್ನೂ ಒಡೆದಿರಲಿಲ್ಲ. ನಲವತ್ತರ ವೇಗದಲ್ಲಿ ಧಾರವಾಡದ ಕಡೆ ತಿರುಗಿದೆ.