ವ್ಯಾಸಂಗವೂ ಸಂಪಾದನೆಯೂ

ದುಡಿಯುತ್ತ ಓದುವುದು ನಮ್ಮ ನಾಡಿಗೆ ಹೊಸದಲ್ಲ. ವಾರಾನ್ನವನ್ನುಂಡು, ಮನೆಪಾಠ ಹೇಳಿ, ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಅನೇಕರು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮನೆಪಾಠದಿಂದಲೇ ತಮ್ಮ ವೆಚ್ಚವನ್ನು ನಿರ್ವಹಿಸಿಕೊಂಡರೆಂಬುದು ಶ್ರೋತೃಗಳಿಗೆ ವಿದಿತವೇ ಆಗಿದೆ. ಇಂದಿನ ವಿದ್ಯಾರ್ಥಿಯು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಂಜೆ ಊಟದ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುತ್ತಾನೆ. ಹೊರದೇಶಕ್ಕೆ ಓದಲು ಹೋದ ನಮ್ಮ ಹುಡುಗಿಯು ಕಾಲೇಜಿನ ಪುಸ್ತಕಭಂಡಾರದಲ್ಲೋ ಭೋಜನಶಾಲೆಯಲ್ಲೋ ದುಡಿಯುತ್ತಾಳೆ. ಮನಸ್ಸಿದ್ದರೆ ಮಾರ್ಗ ಎಂದು ನಾವು ಇವರನ್ನು ಹರಸುತ್ತೇವೆ. ಹರಕೆ ಒಳ್ಳೆಯದೇ, ಆದರೆ ಮನಸ್ಸು ಎಷ್ಟು ದೊಡ್ಡದಾದರೂ ವಾರಕ್ಕಿರುವ ಗಂಟೆಗಳು 168 ಮಾತ್ರ.

ಈ ಗಂಟೆಗಳ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಅಮೆರಿಕದ ಕಾಲೇಜುಗಳಲ್ಲಿ ಪಾಠಗಳನ್ನು ಕ್ರೆಡಿಟ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಕ್ರೆಡಿಟ್ಟಿಗೆ ವಾರದಲ್ಲಿ ಒಂದು ಗಂಟೆಯ ತರಗತಿ, ಹೊರಗೆ ಕನಿಷ್ಠ ಎರಡು ಗಂಟೆಯ ವ್ಯಾಸಂಗ ಎಂಬುದು ಅಲ್ಲಿನ ಗಣನೆ. ನಾಲ್ಕು ವರ್ಷದಲ್ಲಿ ಪದವಿ ಮುಗಿಸಬೇಕೆನ್ನುವವರು ಸಾಮಾನ್ಯವಾಗಿ ಒಂದು ಅವಧಿಗೆ 15 ಕ್ರೆಡಿಟ್ ತೆಗೆದುಕೊಳ್ಳುತ್ತಾರೆ; ಎಂದರೆ ವಾರಕ್ಕೆ 45 ಗಂಟೆ. ನಿದ್ರೆಗೆ ದಿನಕ್ಕೆ 8ರಂತೆ 56. ಸ್ನಾನ, ಊಟ, ಓಡಾಟಗಳಿಗೆ 4ರಂತೆ 28. ಉಳಿಯುವುದು 39. ಇದರಲ್ಲಿ 20 ಗಂಟೆ ದುಡಿದರೆ 19 ಮಿಗುತ್ತದೆ. ಕಾಯಿಲೆ, ಹಬ್ಬ, ಸ್ನೇಹ ಎಲ್ಲವೂ ಅಷ್ಟರಲ್ಲಿಯೇ ನಡೆಯಬೇಕು. 35 ಗಂಟೆ ದುಡಿದರೆ ಮಿಗುವುದು ನಾಲ್ಕೇ.

ಪರದೇಶದ ವಿದ್ಯಾರ್ಥಿಗಳ ದುಡಿಮೆಗೆ ಸರ್ಕಾರಗಳು ಹಾಕಿರುವ ಮೇರೆಯೂ ಈ ಲೆಕ್ಕಕ್ಕೆ ಸಮೀಪವಾಗಿದೆ. ಪಾಠಗಳು ನಡೆಯುವ ಕಾಲದಲ್ಲಿ ಅಮೆರಿಕದ ಕಾಲೇಜಿನ ಆವರಣದೊಳಗಿನ ಕೆಲಸಕ್ಕೂ, ಬ್ರಿಟನ್ನಿನಲ್ಲಿ ಪದವಿಗಾಗಿ ಓದುವವರ ಕೆಲಸಕ್ಕೂ ವಾರಕ್ಕೆ 20 ಗಂಟೆಯ ಮಿತಿಯಿದೆ. ಆಸ್ಟ್ರೇಲಿಯದಲ್ಲಿ 2023ರ ಜುಲೈನಿಂದ ಎರಡು ವಾರಕ್ಕೆ 48 ಗಂಟೆ.

ಹೊತ್ತು ಸಾಲದೆ ಬಂದಾಗ ಮೊದಲು ನಷ್ಟವಾಗುವುದು ಯಾವುದು? ಯಜಮಾನನ ಗಡಿಯಾರ ಕೂಗಿ ಕರೆಯುತ್ತದೆ. ತರಗತಿಯ ಗಂಟೆಯೂ ಕರೆಯುತ್ತದೆ. ತರಗತಿಯ ಹೊರಗಿನ ಓದಿಗೆ ಕರೆಯುವವರಿಲ್ಲ. ಆದುದರಿಂದ ಅದು ಸದ್ದಿಲ್ಲದೆ ಮೊದಲು ಹೋಗುತ್ತದೆ. ಅದರ ಬೆನ್ನಿಗೆ ನಿದ್ರೆ. ನಮ್ಮ ಅನೇಕ ವಿಶ್ವವಿದ್ಯಾನಿಲಯಗಳು ಶೇಕಡ 75ರಷ್ಟು ಹಾಜರಿಯನ್ನು ವಿಧಿಸುತ್ತವೆ. ಬೆಂಚಿನ ಮೇಲೆ ಕುಳಿತವನು ಎಚ್ಚರವಾಗಿದ್ದನೇ ಎಂಬುದನ್ನು ಹಾಜರಿ ಪುಸ್ತಕವು ಹೇಳಲಾರದು.

ಇದರಿಂದ ವಿದ್ಯಾರ್ಥಿಯು ಅರಿಯಬೇಕಾದುದಿಷ್ಟು. ಓದಿನ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಕೆಲಸವನ್ನು ಅನಂತರ ಒಪ್ಪಿಕೊಳ್ಳಬೇಕು. ಪರೀಕ್ಷೆಯ ದಿನಗಳನ್ನು ಕಾಗದದ ಮೇಲೆ ಬರೆದು, ಕೆಲಸಕ್ಕೆ ಸೇರುವ ದಿನವೇ ಯಜಮಾನನಿಗೆ ತೋರಿಸಬೇಕು. ಸಂಬಳವನ್ನು ತೂಗುವಾಗ ದಾರಿಯನ್ನೂ ತೂಗಬೇಕು: ನಾಲ್ಕು ಗಂಟೆಯ ಕೆಲಸಕ್ಕಾಗಿ ಎರಡು ಗಂಟೆ ಬಸ್ಸಿನಲ್ಲಿ ನಿಲ್ಲುವವನು ಆರು ಗಂಟೆ ಕೊಟ್ಟು ನಾಲ್ಕರ ಕೂಲಿಯನ್ನು ಪಡೆಯುತ್ತಾನೆ. ಕಾಲೇಜಿಗೆ ಹತ್ತಿರದ ಕೆಲಸವು ಸ್ವಲ್ಪ ಕಡಿಮೆ ಕೊಟ್ಟರೂ ಲಾಭವೇ.

ಮನೆಯ ಒಲೆ ಈ ಮಗನ ಅಥವಾ ಮಗಳ ದುಡಿಮೆಯಿಂದಲೇ ಉರಿಯಬೇಕಾಗಿದ್ದರೆ ಏನು ಗತಿ? ಆಗ ಕುಗ್ಗಿಸಬೇಕಾದುದು ನಿದ್ರೆಯನ್ನಲ್ಲ, ಓದಿನ ವೇಗವನ್ನು. ಸಂಜೆ ಕಾಲೇಜುಗಳೂ ದೂರಶಿಕ್ಷಣವೂ ಇರುವುದು ಇಂಥವರಿಗಾಗಿಯೇ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಒಂದು ಕ್ರೆಡಿಟ್ಟಿಗೆ 30 ಗಂಟೆಯ ವ್ಯಾಸಂಗವೆಂದು ಎಣಿಸುತ್ತದೆ. ಈ ಗಂಟೆಗಳನ್ನು ಬಿಡುವು ನೋಡಿಕೊಂಡು ಹಂಚಿಕೊಳ್ಳಬಹುದು. ಒಂದು ವರ್ಷ ತಡವಾಗಿ ಬಂದ ಪದವಿಯೂ ಪದವಿಯೇ. ಅರ್ಧಕ್ಕೆ ನಿಂತ ಓದಿಗೆ ಮಾತ್ರ ಹೆಸರಿಲ್ಲ.

ಕಡೆಯದಾಗಿ, ಕೆಲಸ ಕೊಡುವ ಮಹನೀಯರಲ್ಲಿ ಒಂದು ವಿಜ್ಞಾಪನೆ. ನಿಮ್ಮ ಅಂಗಡಿಯಲ್ಲಿ, ಕಛೇರಿಯಲ್ಲಿ ಒಬ್ಬ ವಿದ್ಯಾರ್ಥಿ ಇದ್ದರೆ, ಅವನ ಪರೀಕ್ಷೆ ಯಾವಾಗ ಎಂದು ನೀವಾಗಿಯೇ ಕೇಳಿ. ಆ ಹದಿನೈದು ದಿನಗಳ ಮಟ್ಟಿಗೆ ಅವನ ಸರದಿಯನ್ನು ಬದಲಿಸಿಕೊಡುವುದರಿಂದ ನಿಮಗೆ ಆಗುವ ತೊಂದರೆ ಅಲ್ಪ. ಅವನ ಪಾಲಿಗೆ ಅದು ಇಡೀ ವರ್ಷದ ಉಳಿವು.